ಹುಣಸೆ ರಸದ ಬ್ಯಾಟರಿ, ಗುಮಾಸ್ತನ ಲೆಕ್ಕ

ಮಕ್ಕಳೇ, ಮತ್ತು ಮಕ್ಕಳ ಹೆಗಲ ಮೇಲಿಂದ ಇಣುಕಿ ಓದುವ ದೊಡ್ಡವರೇ,

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಲಿಂಬೆಹಣ್ಣಿನಿಂದ ಮೊಬೈಲ್ ಚಾರ್ಜ್ ಆಗುತ್ತದಂತೆ, ಹೌದೇ?’ ವಿಡಿಯೋದಲ್ಲಿ ನೋಡಿದವರು ಹೌದು ಎನ್ನುತ್ತಾರೆ. ಮನೆಯಲ್ಲಿ ಮಾಡಿ ನೋಡಿದವರು ಸುಮ್ಮನಿರುತ್ತಾರೆ. ಲಿಂಬೆಯಿಂದ ಕರೆಂಟು ಬರುವುದು ಖರೆ. ಮೊಬೈಲ್ ಚಾರ್ಜ್ ಆಗುವುದು ಸುಳ್ಳು. ಇವೆರಡರ ನಡುವಿನ ಅಂತರ ಎಷ್ಟು ಎಂಬುದೇ ಈ ವಾರದ ಪಾಠ.

ನಾನು ಓದಿದ್ದು ಬಿಕಾಂ. ಕೆಲಸ ಮಾಡಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಹಾಗಾಗಿ ವಿಜ್ಞಾನಿಯ ಹಾಗೆ ಹೇಳಲು ಬರುವುದಿಲ್ಲ, ಗುಮಾಸ್ತನ ಹಾಗೆ ಲೆಕ್ಕ ಹೇಳಲು ಬರುತ್ತದೆ. ಬ್ಯಾಟರಿಯ ಮಟ್ಟಿಗೆ ಅಷ್ಟು ಸಾಕು. ಏಕೆಂದರೆ ಬ್ಯಾಟರಿ ಎಂಬುದೇ ಒಂದು ಜಮಾ-ಖರ್ಚಿನ ಪುಸ್ತಕ.

ಮೊದಲು ಮಾಡಿ ನೋಡೋಣ, ಲೆಕ್ಕ ಆಮೇಲೆ. ನಮ್ಮ ಕಲಬುರಗಿಯ ಬಿಸಿಲಿಗೆ ಲಿಂಬೆಯ ದರ ಏರಿ ಕೂತಿರುತ್ತದೆ. ಪ್ರಯೋಗಕ್ಕೆಂದು ನಾಲ್ಕು ಲಿಂಬೆ ಕೇಳಿದರೆ ಅವ್ವ ಬೈಯುತ್ತಾಳೆ. ಆದರೆ ಹುಣಸೆ ಇಲ್ಲದ ಮನೆ ನಮ್ಮ ಕಡೆ ಇಲ್ಲ. ತಾಮ್ರದ ತಂಬಿಗೆ ತಿಕ್ಕಿದರೆ ಫಳಫಳ ಹೊಳೆಯುವಂತೆ ಮಾಡುವ ಆ ಹುಳಿಯೇ ನಮ್ಮ ಬ್ಯಾಟರಿಗೂ ಸಾಕು.

ಬೇಕಾದ ಸಾಮಾನು ಇಷ್ಟು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಚಹಾ ಲೋಟ 4 (ಸ್ಟೀಲ್ ಲೋಟ ಬೇಡ). ಜಿಐ ಸ್ಕ್ರೂ 4, ಅಂದರೆ ತಗಡಿನ ಶೆಡ್ಡಿಗೆ ಹೊಡೆಯುವ, ಸತುವಿನ ಲೇಪವಿರುವ ಬೂದು ಬಣ್ಣದ ಸ್ಕ್ರೂ. ಮನೆಯ ವೈರಿಂಗ್ ಮಾಡುವಾಗ ಉಳಿದ ತಾಮ್ರದ ತಂತಿ, ಒಂದೊಂದು ಗೇಣಿನ 5 ತುಂಡು. ಒಂದು ಕೆಂಪು ಎಲ್‌ಇಡಿ. ಲಿಂಬೆ ಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು.

ಹುಣಸೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಉಪ್ಪು ಬೆರೆಸಿರಿ. ಆರಿದ ಮೇಲೆ ನಾಲ್ಕೂ ಲೋಟಗಳಿಗೆ ಸಮನಾಗಿ ಹಾಕಿರಿ. ತಂತಿಗಳ ಮೇಲಿನ ಪ್ಲಾಸ್ಟಿಕ್ಕನ್ನು ದೊಡ್ಡವರ ಕೈಯಲ್ಲಿ ಸುಲಿಸಿಕೊಳ್ಳಿರಿ. ಈಗ ಒಂದು ತಂತಿಯ ತುದಿಯನ್ನು ಸುರುಳಿ ಸುತ್ತಿ ಮೊದಲ ಲೋಟದೊಳಗೆ ಇಳಿಬಿಡಿ. ಅದರ ಇನ್ನೊಂದು ತುದಿ ಎಲ್‌ಇಡಿಯ ಉದ್ದ ಕಾಲಿಗೆ ಹೋಗಬೇಕು. ಅದೇ ಲೋಟದಲ್ಲಿ ಒಂದು ಸ್ಕ್ರೂ ನಿಲ್ಲಿಸಿರಿ. ಆ ಸ್ಕ್ರೂವಿನ ತಲೆಗೆ ಎರಡನೇ ತಂತಿ ಸುತ್ತಿ, ಅದರ ಸುರುಳಿಯನ್ನು ಎರಡನೇ ಲೋಟಕ್ಕೆ ಬಿಡಿರಿ. ಹೀಗೆಯೇ ಮೂರಕ್ಕೆ, ನಾಲ್ಕಕ್ಕೆ. ಕೊನೆಗೆ ನಾಲ್ಕನೇ ಲೋಟದ ಸ್ಕ್ರೂವಿನಿಂದ ಹೊರಟ ತಂತಿ ಎಲ್‌ಇಡಿಯ ಗಿಡ್ಡ ಕಾಲಿಗೆ. ಒಂದು ಲೋಟದಲ್ಲಿ ಸ್ಕ್ರೂ ಮತ್ತು ಸುರುಳಿ ಒಂದಕ್ಕೊಂದು ತಾಗಬಾರದು. ಸ್ಕ್ರೂವಿಗೆ ತಂತಿ ಸುತ್ತಿದ ಜಾಗ ರಸದಲ್ಲಿ ಮುಳುಗಬಾರದು.

ಕೋಣೆಯ ಕಿಟಕಿ ಮುಚ್ಚಿ ನೋಡಿರಿ. ಕೆಂಪು ಚುಕ್ಕೆ ಕಾಣುತ್ತದೆ.

ಒಂದು ಲೋಟಕ್ಕೆ ಸುಮಾರು 0.9 ವೋಲ್ಟ್ ಸಿಗುತ್ತದೆ. ಕೆಂಪು ಎಲ್‌ಇಡಿ ಎಚ್ಚರವಾಗಲು ಸುಮಾರು 1.8 ವೋಲ್ಟ್ ಬೇಕು. ಲೆಕ್ಕಕ್ಕೆ ಎರಡು ಲೋಟ ಸಾಕೆನಿಸುತ್ತದೆ. ಆದರೆ ದೀಪ ಜೋಡಿಸಿದ ಕೂಡಲೇ ವೋಲ್ಟ್ ಇಳಿಯುತ್ತದೆ. ಅದಕ್ಕೇ ನಾಲ್ಕು. ಬಿಳಿ ಎಲ್‌ಇಡಿಗೆ 3 ವೋಲ್ಟಿನ ಹತ್ತಿರ ಬೇಕು, ಅದನ್ನು ಮೊದಲೇ ಹಿಡಿದುಕೊಂಡು ನಿರಾಶರಾಗಬೇಡಿರಿ.

ಇನ್ನು ಲೆಕ್ಕ. ಈ ಬೆಳಕಿನ ಖರ್ಚು ಯಾರದು? ಹುಣಸೆಯದು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ. ಪರೀಕ್ಷೆ ಮಾಡಬೇಕೆಂದರೆ ಸ್ಕ್ರೂ ಮತ್ತು ತಾಮ್ರ ಎರಡನ್ನೂ ತೆಗೆದು, ಅದೇ ರಸದಲ್ಲಿ ಒಂದೇ ಸೆಟ್ಟಿನ ಎರಡು ಸ್ಟೀಲ್ ಚಮಚ ಇಡಿ. ಹುಳಿ ಅಷ್ಟೇ ಇದೆ, ದೀಪ ಮಾತ್ರ ಇಲ್ಲ. ಬೇಕಾದದ್ದು ಎರಡು ಬೇರೆ ಬೇರೆ ಲೋಹ. ಅವುಗಳಲ್ಲಿ ಸತು ಕೊಡುಗೈ ದಾನಿ. ಅದರ ಒಂದು ಕಣ ಎರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ರಸದಲ್ಲಿ ಕರಗುತ್ತದೆ. ಆ ಎರಡು ಇಲೆಕ್ಟ್ರಾನು ತಂತಿ ಹಿಡಿದು, ದೀಪ ದಾಟಿ, ತಾಮ್ರದ ಬಳಿಗೆ ಬರುತ್ತವೆ. ಅಲ್ಲಿ ಹುಳಿಯೊಳಗಿನ ಎರಡು ಜಲಜನಕದ ಕಣಗಳು ತಲಾ ಒಂದನ್ನು ಪಡೆದು, ಜೊತೆಗೂಡಿ ಗುಳ್ಳೆಯಾಗುತ್ತವೆ. ಖರ್ಚು ಎರಡು, ಜಮಾ ಎರಡು. ಸಂಜೆ ಪುಸ್ತಕ ಮುಚ್ಚುವಾಗ ಒಂದು ಪೈಸೆಯ ವ್ಯತ್ಯಾಸವೂ ಇರುವುದಿಲ್ಲ. ಠೇವಣಿ ಇಟ್ಟಿದ್ದು ಸತು, ಪಡೆದದ್ದು ಜಲಜನಕ. ಹುಣಸೆ ರಸ ನನ್ನ ಹಾಗೆ ಕೌಂಟರಿನಲ್ಲಿ ಕೂತ ಗುಮಾಸ್ತ. ಹಣ ಅವನದಲ್ಲ, ಆದರೆ ಅವನಿಲ್ಲದೆ ವ್ಯವಹಾರ ನಡೆಯುವುದಿಲ್ಲ.

ನಾಲ್ಕಾರು ದಿನ ಬಿಟ್ಟು ನೋಡಿದರೆ ಸ್ಕ್ರೂವಿನ ಬೂದು ಬಣ್ಣ ಹೋಗಿ ತುಕ್ಕು ಕಾಣಿಸುತ್ತದೆ. ಸತು ಖರ್ಚಾದ ಗುರುತು ಅದು. ನಿಮ್ಮ ಮನೆಯ ತಗಡಿನ ಶೀಟು, ಜಿಐ ಪೈಪು ಇಷ್ಟು ವರ್ಷ ತುಕ್ಕು ಹಿಡಿಯದೆ ಇರುವುದೂ ಹೀಗೆಯೇ. ಹೊರಗಿನ ಸತು ತಾನು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ.

ಈಗ ಒಂದು ಸಂಗತಿ ಹೇಳಬೇಕು. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಗಳಲ್ಲಿ ವಸ್ತು ಪ್ರದರ್ಶನ ಇರುತ್ತದೆ. ಅದಕ್ಕೆ ಎರಡು ದಿನ ಮೊದಲು, ಸೇಡಂ ರಸ್ತೆಯ ನಮ್ಮ ಓಣಿಯ ಒಬ್ಬ ಹುಡುಗಿ, ಆರನೇ ತರಗತಿ, ಥರ್ಮಾಕೋಲ್ ಹಲಗೆ ಹಿಡಿದುಕೊಂಡು ಮನೆಗೆ ಬಂದಳು. ಹಲಗೆಯ ಮೇಲೆ ಎರಡು ಲಿಂಬೆಹಣ್ಣು, ಒಂದು ಬಿಳಿ ಎಲ್‌ಇಡಿ.

‘ಮುತ್ಯಾ, ಲೈಟ್ ಹತ್ತವಲ್ದು. ವಿಡಿಯೋದಾಗ ತೋರ್ಸಿದಂಗೇ ಮಾಡೀನಿ.’

ನೋಡಿದೆ. ತಂತಿಯನ್ನು ಮೋಟಾರ್ ರೀವೈಂಡಿಂಗ್ ಅಂಗಡಿಯಿಂದ ತಂದಿದ್ದಳು. ಆ ತಂತಿ ಬರಿ ತಾಮ್ರದಂತೆ ಕಂಡರೂ ಅದರ ಮೇಲೆ ತೆಳುವಾದ ವಾರ್ನಿಶ್ ಇರುತ್ತದೆ. ಅದು ಕರೆಂಟನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ತೆಗೆದೆವು. ಲಿಂಬೆ ಬಿಟ್ಟು ನಾಲ್ಕು ಲೋಟ ಹುಣಸೆ ರಸ ಮಾಡಿದೆವು. ಕೆಂಪು ಎಲ್‌ಇಡಿ ಹಾಕಿದೆವು. ಹತ್ತಿತು. ಆದರೆ ಅವಳ ಮುಖ ಅರಳಲಿಲ್ಲ.

‘ಇಷ್ಟ ಸಣ್ಣಾಗಿ ಹತ್ತಿದ್ರ ಸಾಲ್ಯಾಗ ಯಾರಿಗೂ ಕಾಣಂಗಿಲ್ಲ ಮುತ್ಯಾ. ಹಲಗಿ ತಳಕ್ಕ ಒಂದು ಗುಂಡೀ ಸೆಲ್ ಇಟ್ಬಿಡ್ಲೇನು? ವಿಡಿಯೋದವ್ರೂ ಹಂಗೇ ಮಾಡಿರ್ತಾರ. ಯಾರಿಗೂ ಗೊತ್ತಾಗಂಗಿಲ್ಲ.’

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ಪುಸ್ತಕ ತಾಳೆಯಾಗದಿದ್ದಾಗ ಯಾವುದೋ ಒಂದು ಕಡೆ ಒಂದು ಅಂಕಿ ತುರುಕಿದರೆ ಆ ಸಂಜೆಯ ಮಟ್ಟಿಗೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮರುದಿನದ ಲೆಕ್ಕ ಅದರ ಮೇಲೆ ನಿಲ್ಲುತ್ತದೆ, ಅದರ ಮರುದಿನದ್ದು ಅದರ ಮೇಲೆ. ಅದನ್ನು ಅವಳಿಗೆ ಹೇಳಲಿಲ್ಲ. ಇಷ್ಟು ಕೇಳಿದೆ: ‘ಯವ್ವಾ, ಆ ಸೆಲ್ ಇಟ್ಟ ಮ್ಯಾಲ ಈ ನಾಕು ಗ್ಲಾಸ್ ಯಾಕ ಬೇಕು?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾರ ಬ್ಯಾಡ’ ಎಂದಳು. ಆಮೇಲೆ ಉಪಾಯವನ್ನೂ ಅವಳೇ ಹುಡುಕಿದಳು. ಚಪ್ಪಲಿಯ ಖಾಲಿ ಡಬ್ಬಿಗೆ ಒಳಗಡೆ ಕರಿ ಕಾಗದ ಅಂಟಿಸಿ, ಎಲ್‌ಇಡಿಯನ್ನು ಅದರೊಳಗಿಟ್ಟು, ಎದುರಿಗೆ ಒಂದು ಕಣ್ಣಿನಷ್ಟು ತೂತು ಮಾಡಿದಳು. ಮೇಲೆ ಬರೆದಳು: ‘ನಮ್ಮ ದೀಪ ಸಣ್ಣದು. ಇಣುಕಿ ನೋಡಿರಿ.’ ಪಕ್ಕದಲ್ಲಿ ನನ್ನ ಹಳೆಯ ಮಲ್ಟಿಮೀಟರ್, ಮತ್ತು ಅವಳದೇ ಅಕ್ಷರದ ಒಂದು ಪಟ್ಟಿ: ಒಂದು ಲೋಟಕ್ಕೆ ಎಷ್ಟು, ಎರಡಕ್ಕೆ ಎಷ್ಟು, ಚಮಚ ಇಟ್ಟರೆ ಎಷ್ಟು.

ಬಹುಮಾನ ಬೇರೊಂದು ಮಾದರಿಗೆ ಬಂತು. ಆದರೆ ತೂತಿನ ಮುಂದೆ ಸಾಲು ನಿಂತಿತ್ತಂತೆ. ನೋಡಲು ಬಂದ ಮೇಷ್ಟ್ರೊಬ್ಬರು ‘ಏನಮ್ಮಾ, ಹುಣಸೆಹಣ್ಣಿನಾಗ ಕರೆಂಟ್ ಐತೇನು?’ ಎಂದು ಕೇಳಿದಾಗ ಅವಳು ಸ್ಕ್ರೂ ಮೇಲೆತ್ತಿ ತೋರಿಸಿ ‘ಇಲ್ರೀ ಸರ್, ಇದರಾಗ ಐತ್ರಿ’ ಎಂದಳಂತೆ. ಇದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಗುಂಡಿ ಸೆಲ್ಲಿನ ಮಾತು ಬಂತು, ದೊಡ್ಡವರು ಇದನ್ನು ಎರಡು ಸಲ ಓದಬೇಕು. ಆಟಿಕೆ, ರಿಮೋಟ್, ತೂಕದ ಯಂತ್ರಗಳಲ್ಲಿರುವ ನಾಣ್ಯದಂಥ ಸೆಲ್ಲನ್ನು ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಜೀವಕ್ಕೇ ಅಪಾಯ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ತಾನಾಗಿ ಬರುತ್ತದೆಂದು ಕಾಯದೆ, ವಾಂತಿ ಮಾಡಿಸದೆ, ನೇರವಾಗಿ ದೊಡ್ಡಾಸ್ಪತ್ರೆಗೆ ಓಡಬೇಕು.

ಮತ್ತೆ ಲೆಕ್ಕಕ್ಕೆ ಬರೋಣ. ಮೊಬೈಲ್ ಚಾರ್ಜ್ ಮಾಡಲು ಎಷ್ಟು ಲೋಟ ಬೇಕು? ನಮ್ಮ ನಾಲ್ಕು ಲೋಟದ ಸಾಲು ದೀಪಕ್ಕೆ ಕೊಡುತ್ತಿದ್ದದ್ದು ನನ್ನ ಮೀಟರಿನಲ್ಲಿ ಸುಮಾರು ಅರ್ಧ ಮಿಲಿಆಂಪಿಯರ್, 2 ವೋಲ್ಟಿಗೂ ಒಂದಿಷ್ಟು ಕಡಿಮೆ. ಗುಣಿಸಿದರೆ ಹೆಚ್ಚು ಕಡಿಮೆ 1 ಮಿಲಿವಾಟ್. ಮೊಬೈಲಿನ ಸಾಧಾರಣ ಚಾರ್ಜರ್ 5 ವೋಲ್ಟ್, 1 ಆಂಪಿಯರ್ ಕೊಡುತ್ತದೆ, ಅಂದರೆ 5 ವಾಟ್. 5 ವಾಟ್ ಎಂದರೆ 5,000 ಮಿಲಿವಾಟ್. ಹಾಗಾದರೆ 5,000 ಸಾಲು, 20,000 ಲೋಟ. ಅಷ್ಟು ಹುಣಸೆ ರಸದಲ್ಲಿ ಒಂದು ಮದುವೆಗಲ್ಲ, ಒಂದು ಜಾತ್ರೆಗೇ ಸಾರು ಮಾಡಬಹುದು.

ಅಂಗಡಿಯ ಸೆಲ್ಲಿನ ಲೆಕ್ಕವೂ ನೋಡಿ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 3 ವಾಟ್-ಗಂಟೆ ಶಕ್ತಿ ಇರುತ್ತದೆ. ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 1,000 ವಾಟ್-ಗಂಟೆ. ಒಂದು ಯೂನಿಟ್ಟಿಗೆ 333 ಸೆಲ್ ಬೇಕಾಯಿತು. ಒಂದು ಸೆಲ್ಲಿಗೆ 20 ರೂಪಾಯಿ ಹಿಡಿದರೆ 6,660 ರೂಪಾಯಿ. ಕರೆಂಟ್ ಬಿಲ್ ನೋಡಿ ಗೊಣಗುವ ಅಪ್ಪನಿಗೆ ಈ ಲೆಕ್ಕ ತೋರಿಸಿರಿ. ಆದರೂ ನಾವು ಸೆಲ್ ಕೊಳ್ಳುತ್ತೇವೆ. ಕತ್ತಲಲ್ಲಿ ಟಾರ್ಚ್ ಬೇಕಾದಾಗ ಯೂನಿಟ್ಟಿನ ದರ ಯಾರೂ ಕೇಳುವುದಿಲ್ಲ.

ಹಾಗಾದರೆ ಹುಣಸೆ ಬ್ಯಾಟರಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ. ಗೋಡೆಗೆ ತೂಗು ಹಾಕದ, ಅಂಕಿ ಮಾತ್ರ ತೋರಿಸುವ ಸಣ್ಣ ಮೇಜಿನ ಗಡಿಯಾರ ಬಹಳ ಕಡಿಮೆ ಕರೆಂಟು ಉಣ್ಣುತ್ತದೆ. ಒಂದು ಸೆಲ್ಲಿನ ಅಂಥ ಗಡಿಯಾರ ಇದ್ದರೆ ಎರಡು ಲೋಟ ಜೋಡಿಸಿ ನೋಡಿರಿ. ಆಸೆಗೆ ತಕ್ಕ ಕೆಲಸವಲ್ಲ, ಶಕ್ತಿಗೆ ತಕ್ಕ ಕೆಲಸ ಕೊಡಬೇಕು. ಇದು ಬ್ಯಾಟರಿಗೂ ಸರಿ, ಮಕ್ಕಳಿಗೂ ಸರಿ.

ಈ ವಿದ್ಯೆ ಶುರುವಾದದ್ದು ಇಟಲಿಯಲ್ಲಿ. ಅಲ್ಲಿಯ ಅಲೆಸ್ಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿ ಸತು ಮತ್ತು ಬೆಳ್ಳಿಯ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು, 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಅದರ ವಿವರ ಬರೆದ. ‘ವೋಲ್ಟ್’ ಎಂಬುದು ಅವನ ಹೆಸರೇ. ನಿಜಕ್ಕೂ ಕೆಲಸಕ್ಕೆ ಬಂದ ಸೆಲ್ ಮಾಡಿದವನು ಫ್ರಾನ್ಸಿನ ಲೆಕ್ಲಾಂಶೆ, 1866ರಲ್ಲಿ. ಅವನ ಸೆಲ್ಲಿನಲ್ಲಿ ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡ್, ಮತ್ತು ರಸದ ಜಾಗದಲ್ಲಿ ನವಸಾಗರ ಕರಗಿಸಿದ ನೀರು. ಮುಂದೆ ಬಂದ ಟಾರ್ಚ್ ಸೆಲ್ಲುಗಳು ಅದರ ಮಕ್ಕಳು, ಮೊಮ್ಮಕ್ಕಳು.

ನವಸಾಗರ ಎಂದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ಕಲಾಯಿ ಮಾಡುವವನ ನೆನಪಾಗುತ್ತದೆ. ಓಣಿಯಲ್ಲಿ ಕುಲುಮೆ ಹೂಡಿ, ಕಾದ ಹಿತ್ತಾಳೆ ಪಾತ್ರೆಗೆ ಬಿಳಿ ಪುಡಿ ಎರಚಿ, ಹೊಗೆ ಎಬ್ಬಿಸಿ, ತವರ ಸವರುತ್ತಿದ್ದನಲ್ಲ, ಆ ಬಿಳಿ ಪುಡಿಯೇ ನವಸಾಗರ. ಇನ್ನೂ ಒಂದು ಕಡೆ ಅದು ಇದೆ. ಕಮಲಾಪುರ ದಾಟಿ, ಹುಮನಾಬಾದ್ ಮೇಲೆ ಹೋದರೆ ಬೀದರ್. ಅಲ್ಲಿಯ ಬಿದರಿ ಹೂಜಿ, ತಟ್ಟೆಗಳನ್ನು ನೋಡಿದ್ದೀರಿ. ಅವುಗಳ ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಬೆಳ್ಳಿಯ ಎಳೆ ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸತು, ತಾಮ್ರ, ನವಸಾಗರ! ಬೆಳಕು ಮಾಡಲು ಬಂದ ಸಾಮಾನುಗಳು ಬೀದರಿನಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ಕಪ್ಪು ಮಾಡುವ ಕೆಲಸದಲ್ಲಿದ್ದವು.

ಕಮಲಾಪುರದ ಮಾತು ಬಂತಲ್ಲ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಗೊನೆ ಕಡಿದ ಮೇಲೆ ಗಿಡದ ಕೆಲಸ ಮುಗಿಯಿತು, ದಿಂಡನ್ನು ಪಲ್ಯಕ್ಕೆ ಬಳಸುವವರು ಬಳಸುತ್ತಾರೆ. ಶ್ರೀಲಂಕಾದ ಕೆಲನಿಯ ವಿಶ್ವವಿದ್ಯಾಲಯದವರು 2012ರಲ್ಲಿ ಬಾಳೆದಿಂಡಿನಿಂದಲೇ ಬ್ಯಾಟರಿ ಮಾಡಿದರು. ದಿಂಡನ್ನು ಬೇಯಿಸಿ, ಕತ್ತರಿಸಿ, ಲೋಹ ಚುಚ್ಚಿ, ಒಣಗದಂತೆ ನೋಡಿಕೊಂಡರೆ ಒಂದು ಎಲ್‌ಇಡಿ 500 ಗಂಟೆಗಿಂತ ಹೆಚ್ಚು ಉರಿಯಿತು. ಅದಕ್ಕೆ ಎರಡು ವರ್ಷ ಮೊದಲು ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದವರು ಆಲೂಗಡ್ಡೆಯನ್ನು 8 ನಿಮಿಷ ಬೇಯಿಸಿದರೆ ಹಸಿಯದಕ್ಕಿಂತ ಹತ್ತು ಪಟ್ಟಿನವರೆಗೆ ಹೆಚ್ಚು ಶಕ್ತಿ ಸಿಗುತ್ತದೆಂದು ತೋರಿಸಿದ್ದರು. ಬೇಯಿಸಿದರೆ ಒಳಗಿನ ಗೋಡೆಗಳು ಮೆತ್ತಗಾಗಿ ಕಣಗಳ ಓಡಾಟ ಸಲೀಸಾಗುತ್ತದೆ. ಕಮಲಾಪುರದ ಮಕ್ಕಳೇ, ನಿಮ್ಮ ತೋಟದ ದಿಂಡು ಏನು ಹೇಳುತ್ತದೆ ಎಂದು ನೀವೇ ನೋಡಿ ತಿಳಿಸಬೇಕು.

ಹಳೆಯ ನಾಣ್ಯಗಳಿಂದ ಬ್ಯಾಟರಿ ಮಾಡಬಹುದೇ ಎಂದೂ ಕೆಲವರು ಕೇಳಿದ್ದೀರಿ. ಇದು ನನ್ನ ಖಾತೆಯ ಪ್ರಶ್ನೆ. ಈಗಿನ 1 ರೂಪಾಯಿ, 2 ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲ್, ಈ ಕೆಲಸಕ್ಕೆ ಬಾರದು. ಚಲಾವಣೆಯ ನಾಣ್ಯವನ್ನು ಕೆಡಿಸುವುದು ತಪ್ಪು ಕೂಡ. ಹಗುರವಾದ 5, 10 ಪೈಸೆಯ ಬಿಲ್ಲೆಗಳು ಅಲ್ಯೂಮಿನಿಯಂ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಆಯಿಯ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ತಾಮ್ರದ ಬಿಲ್ಲೆ ಸಿಕ್ಕರೆ ಅದನ್ನಂತೂ ಹುಳಿಗೆ ಹಾಕಬೇಡಿರಿ. ಹುಳಿ ಅದರ ಮೇಲಿನ ವಯಸ್ಸನ್ನು ತಿಂದುಹಾಕುತ್ತದೆ, ಮತ್ತೆ ಬರುವುದಿಲ್ಲ.

ಕೊನೆಗೆ ನಾಲ್ಕು ಕಟ್ಟುನಿಟ್ಟು. ಒಂದು, ಗೋಡೆಯ ಸ್ವಿಚ್ ಬೋರ್ಡಿಗೂ ನಮ್ಮ ಪ್ರಯೋಗಕ್ಕೂ ಯಾವ ಸಂಬಂಧವೂ ಇರಕೂಡದು. ಹುಣಸೆಯ ವೋಲ್ಟ್ ಇರುವೆ, ಅಲ್ಲಿಯದು ಆನೆ. ಎರಡು, ಹಳೆಯ ಸೆಲ್ ಒಡೆಯಬಾರದು, ಬೆಂಕಿಗೆ ಹಾಕಬಾರದು, ಮೊಬೈಲಿನ ಬ್ಯಾಟರಿಯನ್ನು ಚುಚ್ಚಲೇಬಾರದು. ಮೂರು, ಪ್ರಯೋಗಕ್ಕೆ ಬಳಸಿದ ರಸ, ಲಿಂಬೆ, ಆಲೂಗಡ್ಡೆ, ದಿಂಡು ಯಾವುದನ್ನೂ ತಿನ್ನಬಾರದು. ಅದರಲ್ಲಿ ಲೋಹ ಕರಗಿರುತ್ತದೆ. ನಾಲ್ಕು, ಲೋಟಗಳನ್ನು ಚೆನ್ನಾಗಿ ತೊಳೆದು ಅವ್ವನಿಗೆ ಒಪ್ಪಿಸಬೇಕು, ಇಲ್ಲವಾದರೆ ಮುಂದಿನ ಪ್ರಯೋಗಕ್ಕೆ ಲೋಟ ಸಿಗುವುದಿಲ್ಲ.

ಮನೆಗೆಲಸ ಇಷ್ಟು. ಹುಣಸೆ ರಸ, ಮಜ್ಜಿಗೆ, ಬರಿ ಉಪ್ಪುನೀರು, ಬೇಯಿಸಿದ ಆಲೂಗಡ್ಡೆ, ಈ ನಾಲ್ಕರಲ್ಲಿ ಯಾವುದರ ದೀಪ ಹೆಚ್ಚು ಹೊತ್ತು ನಿಲ್ಲುತ್ತದೆ? ಹಚ್ಚಿದ ಹೊತ್ತು, ಆರಿದ ಹೊತ್ತು ಎರಡನ್ನೂ ಬರೆದಿಡಿ. ದೀಪ ಹತ್ತದಿದ್ದರೆ ‘ಹತ್ತಲಿಲ್ಲ’ ಎಂದೇ ಬರೆಯಿರಿ, ಏನೇನು ಮಾಡಿದಿರಿ ಎಂಬುದನ್ನೂ ಬರೆಯಿರಿ. ಹತ್ತದ ದೀಪದ ಕಾಗದವನ್ನು ನಾನು ಮೊದಲು ಓದುತ್ತೇನೆ.

ನಿಮ್ಮ ಮುತ್ಯಾ